ತೋಟದ ಪೈಪಿಗೆ ಯಾವ ಫ್ಲೋ ಮೀಟರ್?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಿಗೆ ಹಳ್ಳದ ನೀರೂ ಬರುತ್ತದೆ, ಬೋರಿನದೂ ಬರುತ್ತದೆ. ಪೈಪಲ್ಲಿ ಎಷ್ಟು ನೀರು ಹರಿಯಿತು ಎಂದು ಅಳೆಯುವ ಫ್ಲೋ ಮೀಟರ್ ಕೊಳ್ಳುವ ಮುಂಚೆ ನೀರು ನೋಡಿ, ಬೆಲೆ ಆಮೇಲೆ.

ಚಕ್ರ ತಿರುಗುವ ಮೆಕ್ಯಾನಿಕಲ್ ಮೀಟರ್ ಅಗ್ಗ. ಕರೆಂಟ್ ಬೇಡ, ಗುಡ್ಡದಿಂದ ತಾನಾಗಿ ಇಳಿಯುವ ಅಬ್ಬಿ ನೀರಿಗೂ ನಡೆಯುತ್ತದೆ. ಆದರೆ ಹಳ್ಳದ ನೀರಲ್ಲಿ ಮರಳು, ಕೊಳೆತ ಎಲೆಯ ನಾರು ಇದ್ದೇ ಇರುತ್ತದೆ ಅಲ್ವಾ? ನಾರು ಚಕ್ರಕ್ಕೆ ಸುತ್ತಿಕೊಂಡರೆ ಮೀಟರ್ ಕಡಿಮೆ ತೋರಿಸುತ್ತದೆ. ನೀರು ಮೀಟರಿಗೆ ಬರುವ ಮುಂಚೆಯೇ ಜಾಲರಿ ಫಿಲ್ಟರ್ ಹಾಕಲೇಬೇಕು. ಇನ್ನೊಂದು, ಗಾಳಿ ಹೋದರೂ ಚಕ್ರ ತಿರುಗುತ್ತದೆ. ಖಾಲಿ ಪೈಪಿಗೆ ಮೋಟರ್ ಹಾಕಿದ ಕೂಡಲೇ ಮುಳ್ಳು ಸುಮ್ನೆ ಓಡುವುದು ಅದಕ್ಕೇ.

ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಕಾಂತಕ್ಷೇತ್ರದ ನಡುವೆ ನೀರು ಹರಿದಾಗ ಹುಟ್ಟುವ ವೋಲ್ಟೇಜಿನಿಂದ ವೇಗ ಅಳೆಯುತ್ತದೆ. ಕೆಸರು ನೀರಿಗೂ ಸೈ. ಪೈಪ್ ಮಾತ್ರ ತುಂಬಿ ಹರಿಯಬೇಕು, ಬೆಲೆಯೂ ಜಾಸ್ತಿ. ಹಳ್ಳದ ನೀರಿಗೆ ದುಡ್ಡಿದ್ದರೆ ಇದೇ ತಗೊಳ್ಳಿ; ತಿಳಿ ಬೋರ್ ನೀರಿಗೆ ಚಕ್ರದ್ದೇ ಸಾಕು.

ಪೈಪ್ ಕೊಯ್ಯದೆ ಹೊರಗಿಂದ ಕಟ್ಟುವ ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದ ಅಲೆಯಿಂದ ಅಳೆಯುವ) ಮೀಟರ್ ಒಂದೆರಡು ದಿನದ ಪರೀಕ್ಷೆಗೆ ಚೆನ್ನ.

ಬೆಂಡ್, ವಾಲ್ವ್ ಪಕ್ಕ ಯಾವುದನ್ನೂ ಕೂರಿಸಬೇಡಿ. ಮೀಟರಿಗೆ ಮುಂಚೆ ಸಾಮಾನ್ಯವಾಗಿ ವ್ಯಾಸದ 5ರಿಂದ 10 ಪಟ್ಟು ನೇರ ಪೈಪ್ ಬೇಕು. 2 ಇಂಚಿನ ಪೈಪಿಗೆ 10ರಿಂದ 20 ಇಂಚು.