ಕಿಮ್‌ಸೂಜಾ, ಡೊ ಹೊ ಸು: ಮೊದಲು ಯಾರನ್ನು ನೋಡಬೇಕು?

ಕೊರಿಯಾದ ಸಮಕಾಲೀನ ಕಲೆಯನ್ನು ಎಲ್ಲಿಂದ ನೋಡತೊಡಗಲಿ ಎಂದು ಕೇಳುವವರಿಗೆ ನಾನು ಹೇಳುವುದು ಈ ಇಬ್ಬರ ಹೆಸರನ್ನು. ಇಬ್ಬರ ಕೈಯಲ್ಲೂ ಇರುವುದು ಬಟ್ಟೆಯೇ.

1962ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಸು ಅವರದು ಬಿಟ್ಟುಬಂದ ಮನೆಯ ಹಂಬಲ. ಶಾಯಿಚಿತ್ರಗಳಿಗೆ ಹೆಸರಾದ ತಂದೆ ಅಲ್ಲಿ ಸಾಂಪ್ರದಾಯಿಕ ಹಾನೊಕ್ ಶೈಲಿಯ ಮನೆ ಕಟ್ಟಿಸಿದ್ದರು. 1999ರಲ್ಲಿ ಮಗ ಅದನ್ನು ಪಾರದರ್ಶಕ ಹಸಿರು ರೇಷ್ಮೆಯಲ್ಲಿ, ಮೂಲ ಅಳತೆಯಲ್ಲೇ ಹೊಲಿದು ಸೂರಿನಿಂದ ತೂಗುಹಾಕಿದರು. ಮಡಚಿ ಊರೂರಿಗೆ ಒಯ್ಯಬಹುದಾದ ಮನೆ! ಮುಂದೆ ತಾವು ವಾಸವಿದ್ದ ನ್ಯೂಯಾರ್ಕ್‌ನ ಮನೆಗೆ ಒಳಗೆಲ್ಲ ಕಾಗದ ಹೊದಿಸಿ, ಬಣ್ಣದ ಪೆನ್ಸಿಲ್‌ನಿಂದ ಉಜ್ಜಿ ಅದರ ಅಚ್ಚು ತೆಗೆದರು. ಕುಸುರಿ ಕೆಲಸ ಇಷ್ಟಪಡುವವರಿಗೆ, ಮಕ್ಕಳೊಂದಿಗೆ ಹೋಗುವವರಿಗೆ ಸು ಸಲೀಸು. ಆದರೆ ಫೋಟೋದಲ್ಲಿ ನೋಡಿದರೆ ಅರ್ಧಕ್ಕರ್ಧ ನಷ್ಟ.

ಕಿಮ್‌ಸೂಜಾ ಹಾಗಲ್ಲ, ತಾಳ್ಮೆ ಬೇಡುತ್ತಾರೆ. ಬಳಸಿದ ಹೊದಿಕೆಗಳಲ್ಲಿ ಕಟ್ಟಿದ ಗಂಟು, ಅಂದರೆ ‘ಬೊತ್ತಾರಿ’, ಅವರ ಗುರುತು. ಗಂಟುಮೂಟೆ ಕಟ್ಟುವುದೆಂದರೇನು ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲವಷ್ಟೆ. 1997ರಲ್ಲಿ ಅಂಥ ಗಂಟುಗಳನ್ನು ಟ್ರಕ್ಕಿಗೆ ಹೇರಿ, ಅವುಗಳ ಮೇಲೆ ಕುಳಿತು 11 ದಿನ ಕೊರಿಯಾ ಸುತ್ತಿದರು. ‘ಸೂಜಿ ಹೆಂಗಸು’ ಎಂಬರ್ಥದ ಹೆಸರಿನ ವಿಡಿಯೊ ಕೃತಿಯಲ್ಲಿ ಟೋಕಿಯೊ, ದೆಹಲಿ, ಲಾಗೋಸ್ ಮೊದಲಾದ 8 ನಗರಗಳ ಜನಸಂದಣಿಯ ನಡುವೆ ನಮಗೆ ಬೆನ್ನು ಮಾಡಿ ಅಲುಗಾಡದೆ ನಿಲ್ಲುತ್ತಾರೆ. ಜನ ದಿಟ್ಟಿಸುತ್ತಾರೆ, ಬಳಸಿ ಹೋಗುತ್ತಾರೆ. ಕಲಾವಿದೆಯ ಮುಖ ಮಾತ್ರ ನಮಗೆ ಕಾಣುವುದೇ ಇಲ್ಲ.

ಒಂದೇ ಮಧ್ಯಾಹ್ನ ಕೈಯಲ್ಲಿದ್ದರೆ ಸು ಅವರ ಬಟ್ಟೆಯ ಮನೆಗೆ ಹೋಗಿ. ನನ್ನ ಆಯ್ಕೆ ಮಾತ್ರ ಕಿಮ್‌ಸೂಜಾ.