ಪೂರ್ತಿ ಹಣ ಕೈಸೇರುವ ಮುನ್ನ ಚಿತ್ರೀಕರಣಕ್ಕೆ ಇಳಿಯಬೇಡಿ

ಮೊದಲ ಸ್ವತಂತ್ರ ಸಿನಿಮಾಕ್ಕೆ ಕ್ರೌಡ್ ಫಂಡಿಂಗ್, ಅಂದರೆ ಅನೇಕ ಜನರಿಂದ ಸ್ವಲ್ಪಸ್ವಲ್ಪವೇ ಹಣ ಸಂಗ್ರಹ, ಮಾಡಲು ಹೊರಟಿರುವ ಗೆಳೆಯರು ನನಗಾದದ್ದನ್ನು ಓದಿ ಮುಂದುವರಿಯಬೇಕೆಂದು ಕೋರುತ್ತೇನೆ. ತೀರ್ಥಹಳ್ಳಿಯ ಸುತ್ತಮುತ್ತ 19 ದಿನ ಚಿತ್ರೀಕರಿಸಿದ ನನ್ನ ಸಿನಿಮಾ ಮೂರು ವರ್ಷಗಳಿಂದ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ನಮ್ಮ ಮನೆಯ ಬೀರುವಿನಲ್ಲಿ ಉಳಿದುಕೊಂಡಿದೆ. ಅದರಲ್ಲಿ 312 ಜನರ ಹಣವಿದೆ.

ನಾವು ಮಾತುಮಾತಿಗೂ ‘ಲೂಸಿಯಾ’ವನ್ನು ಉದಾಹರಿಸುತ್ತಿದ್ದೆವು. ಪವನ್ ಕುಮಾರ್ ಅವರು ಜನರಿಂದಲೇ 50 ಲಕ್ಷಕ್ಕೂ ಹೆಚ್ಚು ರೂಪಾಯಿ ಕೂಡಿಸಿ ಮಾಡಿದ ಆ ಚಿತ್ರ 2013ರಲ್ಲಿ ತೆರೆಕಂಡಿತು. ಆದರೆ ಅದು ಅವರ ಮೊದಲ ಚಿತ್ರವಲ್ಲ. ‘ಲೈಫು ಇಷ್ಟೇನೆ’ 2011ರಲ್ಲೇ ಬಂದಿತ್ತು. ಹಣ ಕೊಟ್ಟವರು ಅವರ ಕೆಲಸವನ್ನು ಅದಾಗಲೇ ಚಿತ್ರಮಂದಿರದಲ್ಲಿ ನೋಡಿದ್ದರು. ನನ್ನ ಬಳಿ ತೋರಿಸಲು ಇದ್ದದ್ದು ಎರಡು ಕಿರುಚಿತ್ರಗಳು ಮಾತ್ರ.

ನಮ್ಮ ಬಜೆಟ್ 26 ಲಕ್ಷ. ಹಣ ಸಂಗ್ರಹಿಸುವ ಜಾಲತಾಣದಲ್ಲಿ ಗುರಿ ಮುಟ್ಟದಿದ್ದರೆ ಎಲ್ಲರ ಹಣವೂ ವಾಪಸಾಗುವ ವ್ಯವಸ್ಥೆ ಒಂದು, ಎಷ್ಟೇ ಬಂದರೂ ನಮಗೇ ಸಿಗುವ ವ್ಯವಸ್ಥೆ ಇನ್ನೊಂದು. ನಾವು ಎರಡನೆಯದನ್ನು ಆರಿಸಿಕೊಂಡೆವು. ನಾನು ಮಾಡಿದ ದೊಡ್ಡ ತಪ್ಪು ಅದೇ. 60 ದಿನಗಳಲ್ಲಿ ಬಂದದ್ದು 11 ಲಕ್ಷ 40 ಸಾವಿರ. ಜಾಲತಾಣದ ಶುಲ್ಕ ಮತ್ತು ಆ ಶುಲ್ಕದ ಮೇಲಿನ ಜಿಎಸ್‌ಟಿ ಅದರಲ್ಲೇ ಕಡಿತವಾಯಿತು. ‘ಮೊದಲು ಶೂಟಿಂಗ್ ಮುಗಿಸೋಣ ಸರ್, ರಷಸ್ (ಸಂಕಲನವಾಗದ ದೃಶ್ಯಗಳು) ನೋಡಿದರೆ ನಿರ್ಮಾಪಕರು ತಾವಾಗಿಯೇ ಬರುತ್ತಾರೆ’ ಎಂದು ಛಾಯಾಗ್ರಾಹಕರು ಹೇಳಿದರು, ನಾನೂ ನಂಬಿದೆ. ಕ್ಯಾಮೆರಾ ಬಾಡಿಗೆ, ಬಾಟಾ (ದಿನಭತ್ಯೆ), ಊಟ, ವಸತಿ, ಜನರೇಟರ್ ಡೀಸೆಲ್ ಇಷ್ಟಕ್ಕೇ ಹಣ ಕರಗಿತು. ರಷಸ್ ನೋಡಿದ ನಾಲ್ವರು ನಿರ್ಮಾಪಕರೂ ಚಿತ್ರ ಸಿದ್ಧವಾದ ಮೇಲೆ ಬನ್ನಿ ಎಂದು ಹೇಳಿ ಕಳುಹಿಸಿದರು. ಸಿದ್ಧಗೊಳಿಸಲು ಬೇಕಾದ ಡಬ್ಬಿಂಗ್, ಡಿಐ (ಬಣ್ಣ ಹೊಂದಿಸುವ ಕೆಲಸ), 5.1 ಮಿಕ್ಸಿಂಗ್ (ಚಿತ್ರಮಂದಿರಕ್ಕೆ ಬೇಕಾದ ಧ್ವನಿ ಮಿಶ್ರಣ), ಡಿಸಿಪಿ (ಚಿತ್ರಮಂದಿರದಲ್ಲಿ ಪ್ರದರ್ಶಿಸುವ ಡಿಜಿಟಲ್ ಪ್ರತಿ), ಸೆನ್ಸಾರ್ ಶುಲ್ಕಗಳಿಗೆ ನಮ್ಮಲ್ಲಿ ಒಂದು ರೂಪಾಯಿಯೂ ಉಳಿದಿರಲಿಲ್ಲ. ಪ್ರಚಾರ, ಬಿಡುಗಡೆಗಳ ಮಾತೇ ಬೇರೆ. ಎತ್ತುಗಳು ಗದ್ದೆ ಉಳುವ ನಾಲ್ಕು ನಿಮಿಷದ ದೃಶ್ಯಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯಿಂದ ಮೊದಲೇ ಅನುಮತಿ ಪಡೆಯಬೇಕಿತ್ತೆಂದು ತಿಳಿದದ್ದೂ ಚಿತ್ರೀಕರಣ ಮುಗಿದ ಮೇಲೆಯೇ.

ಇನ್ನೊಂದು ವಿಷಯದಲ್ಲಿ ನಾನು ಅದೃಷ್ಟದಿಂದ ಪಾರಾದೆ. ಹಣ ಸಾಲದಾದಾಗ ‘ಹಣ ಹೂಡಿ, ಲಾಭದಲ್ಲಿ ಪಾಲು ಪಡೆಯಿರಿ’ ಎಂದು ವಾಟ್ಸಾಪ್‌ನಲ್ಲಿ ಹಂಚಿ, ನನ್ನ ಸ್ವಂತ ಉಳಿತಾಯ ಖಾತೆಗೇ ಯುಪಿಐ ಮೂಲಕ ಹಣ ಪಡೆಯತೊಡಗಿದೆ. ಪರಿಚಯದ ವಕೀಲರೊಬ್ಬರು ಅದನ್ನು ನೋಡಿ ಅಂದೇ ನಿಲ್ಲಿಸಲು ಹೇಳಿದರು. ಖಾಸಗಿ ಕಂಪನಿ ಕೂಡ ಸಾರ್ವಜನಿಕರಿಗೆ ಹೀಗೆ ಷೇರು ನೀಡುವಂತಿಲ್ಲ. ಹೆಸರು ಹಿಡಿದು ಆಹ್ವಾನಿಸುವುದಾದರೂ ಒಂದು ಆರ್ಥಿಕ ವರ್ಷದಲ್ಲಿ 200 ಜನರ ಮಿತಿಯಿದೆ. ಹಿಂದಿರುಗಿಸುವ ಭರವಸೆ ಕೊಟ್ಟು ಹಣ ಪಡೆದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಪ್ರಶ್ನೆ ಏಳಬಹುದು. ಏನನ್ನೂ ಕೊಡದೆ ಸುಮ್ಮನೆ ಪಡೆದರೆ, ಬಂಧುಗಳಲ್ಲದವರಿಂದ ಬಂದದ್ದು ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಇಡೀ ಮೊತ್ತ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಅಮೆರಿಕದ ಪೌರತ್ವ ಪಡೆದಿದ್ದ ಇಬ್ಬರು ಕನ್ನಡಿಗರ ಹಣವನ್ನು, ಅದು ಕಾನೂನಿನ ಕಟ್ಟುಪಾಡುಗಳಿರುವ ವಿದೇಶಿ ದೇಣಿಗೆ ಎನಿಸಿಕೊಳ್ಳುವ ಭಯದಿಂದ, ವಾಪಸ್ ಕಳುಹಿಸಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರ ಸ್ವಂತ ಉಳಿತಾಯಕ್ಕೆ ಈ ತೊಡಕಿಲ್ಲ.

ಆದ್ದರಿಂದ ಗುರಿ ಮುಟ್ಟದಿದ್ದರೆ ಹಣ ವಾಪಸಾಗುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ. ಸೆನ್ಸಾರ್ ಪತ್ರ ಕೈಗೆ ಬರುವವರೆಗಿನ ಎಲ್ಲ ಖರ್ಚನ್ನೂ ಸೇರಿಸಿ ಆ ಗುರಿಯನ್ನು ನಿಗದಿ ಮಾಡಿ. ಪ್ರತ್ಯೇಕ ಖಾತೆ ತೆರೆಯಿರಿ. ಜನರ ಮುಂದೆ ಹೋಗುವ ಮೊದಲು ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಕಾಣಿರಿ. ಅವರಿಗೆ ಕೊಡುವ ಶುಲ್ಕ ನಮ್ಮ ಒಂದು ದಿನದ ಕ್ಯಾಮೆರಾ ಬಾಡಿಗೆಗಿಂತ ಕಡಿಮೆಯಿತ್ತು.

ನನ್ನ ಪ್ರೌಢಶಾಲೆಯ ಮೇಷ್ಟ್ರು ಪಿಂಚಣಿಯಿಂದ ಐದು ಸಾವಿರ ಕೊಟ್ಟಿದ್ದರು. ಮೊದಲ ವರ್ಷ ಪ್ರತಿ ತಿಂಗಳೂ ಫೋನ್ ಮಾಡಿ ‘ಸಿನಿಮಾ ಯಾವಾಗಪ್ಪಾ?’ ಎಂದು ಕೇಳುತ್ತಿದ್ದವರು ಈಗ ನನ್ನ ಆರೋಗ್ಯವನ್ನಷ್ಟೇ ವಿಚಾರಿಸುತ್ತಾರೆ. ನನ್ನ ಸಂಬಳದಿಂದ ಇದುವರೆಗೆ 64 ಜನರಿಗೆ ಹಣ ಹಿಂದಿರುಗಿಸಿದ್ದೇನೆ. ಮೇಷ್ಟ್ರು ಮಾತ್ರ ತೆಗೆದುಕೊಳ್ಳಲು ಒಪ್ಪುತ್ತಿಲ್ಲ.