ವಾಚ್ ಹ್ಯಾಂಗ್ ಆದ ತಕ್ಷಣ ರಿಸೆಟ್ ಒತ್ತಬೇಡಿ: ಎರಡು ವರ್ಷ ಕಟ್ಟಿಕೊಂಡ ಮೇಲೆ ಬರೆಯುತ್ತಿದ್ದೇನೆ

ಈ ಸ್ಮಾರ್ಟ್‌ವಾಚ್ ತಗೊಂಡು ಎರಡು ವರ್ಷದ ಮೇಲಾಯಿತು. ದೀಪಾವಳಿ ಆಫರ್‌ನಲ್ಲಿ 2,300 ರೂಪಾಯಿ ಕೊಟ್ಟಿದ್ದೆ. ಸ್ಕ್ರೀನ್ ಎಷ್ಟು ಇಂಚು, ಎಷ್ಟು ಸ್ಪೋರ್ಟ್ಸ್ ಮೋಡ್ ಅನ್ನುವುದೆಲ್ಲ ಡಬ್ಬದ ಮೇಲೇ ಇದೆ. ನಾನು ತಗೊಂಡಿದ್ದು ಒಂದೇ ಕಾರಣಕ್ಕೆ. ಅದರ ಅಲಾರಂ ಸದ್ದು ಮಾಡುವುದಿಲ್ಲ, ಕೈ ಮೇಲೆ ಸುಮ್ನೆ ನಡುಗುತ್ತದೆ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಹುಳು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಕೊನೆಯ ಏಳೆಂಟು ದಿನಕ್ಕೇ ಹೋಗುತ್ತದೆ. ಆ ದಿನಗಳಲ್ಲಿ ಬೆಳಗಿನ ಜಾವ 4:30ಕ್ಕೆ ಏಳಲೇಬೇಕು. ಮೊಬೈಲ್ ಅಲಾರಂ ಹೊಡೆದರೆ ಪಕ್ಕದಲ್ಲಿ ಮಲಗಿದ ಮಗಳು ಎದ್ದು ಕೂರುತ್ತಾಳೆ. ವಾಚ್ ಆದರೆ ನನ್ನೊಬ್ಬನನ್ನೇ ಎಬ್ಬಿಸುತ್ತದೆ. ಕತ್ತಲಲ್ಲಿ ಮೆಲ್ಲಗೆ ಎದ್ದು, ಕೈಕಾಲು ತೊಳೆದು, ಹುಳು ಮನೆಯ ಬಾಗಿಲು ತೆಗೆಯುವ ಆ ಹೊತ್ತು ನನಗೆ ತುಂಬಾ ಇಷ್ಟ. ಮೊದಲ ವರ್ಷ ಈ ವಾಚ್ ಒಂದು ದಿನವೂ ಕೈ ಕೊಡಲಿಲ್ಲ.

ಆಮೇಲೆ ಹ್ಯಾಂಗ್ ಆಗಲು ಶುರುವಾಯಿತು. ಫೋನ್ ಬಂದರೆ ತೋರಿಸುವುದಿಲ್ಲ, ಬೆರಳಿಟ್ಟು ಎಳೆದರೆ ಸ್ಕ್ರೀನ್ ಕದಲುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ, 'ಫ್ಯಾಕ್ಟರಿ ರಿಸೆಟ್ ಮಾಡಿ ಸರ್, ಸರಿ ಹೋಗುತ್ತೆ' ಅಂದರು. ಮಾಡಿದರೆ ಏನೇನು ಹೋಗುತ್ತದೆ ಅಂತ ಒಂದು ಮಾತು ಹೇಳಲಿಲ್ಲ. ಸ್ಕ್ರೀನ್‌ಗೆ ಸ್ವಲ್ಪ ಜೀವ ಬಂದಾಗ, ರಾತ್ರಿ ಸೊಪ್ಪು ಹಾಕಿ ಬಂದು, ರಿಸೆಟ್ ಒತ್ತಿದೆ.

ವಾಚ್ ಹೊಸದರಂತೆ ಎದ್ದಿತು. ಆದರೆ ಟೈಮೇ ತಪ್ಪು. ಫೋನ್ ಸೇರುವವರೆಗೂ ನನ್ನ ವಾಚ್‌ಗೆ ಸರಿಯಾದ ಟೈಮ್ ಸಿಗುವುದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಫೋನ್ ನೋಡಿದರೆ ವಾಚನ್ನು ಸೇರಿಸಿಕೊಳ್ಳುತ್ತಿಲ್ಲ. ಮೂರು ಸಲ ನೋಡಿದೆ. ಕೊನೆಗೆ ಬ್ಲೂಟೂತ್ ಪಟ್ಟಿಯಲ್ಲಿ ಹಳೇ ಹೆಸರು ಹಾಗೇ ಇರುವುದು ಕಣ್ಣಿಗೆ ಬಿತ್ತು. ಅದನ್ನು 'ಫರ್ಗೆಟ್' ಕೊಟ್ಟು ತೆಗೆದ ಮೇಲೆ ಒಂದೇ ಸಲಕ್ಕೆ ಸೇರಿತು. ಆಗಲೇ ಹನ್ನೊಂದೂವರೆ. ಆ್ಯಪ್‌ನಲ್ಲಿ ನಡಿಗೆ, ನಿದ್ದೆಯ ಲೆಕ್ಕ ಎಲ್ಲ ಇತ್ತು. ಸದ್ಯ ಎಲ್ಲ ಉಳಿದಿದೆ ಅಂತ ಮಲಗಿದೆ.

ಅಲಾರಂ ಉಳಿದಿರಲಿಲ್ಲ. ಅದು ವಾಚ್ ಒಳಗೇ ಇದ್ದದ್ದು, ರಿಸೆಟ್ ಜೊತೆಗೇ ಅಳಿಸಿ ಹೋಗಿತ್ತು. ಎಚ್ಚರ ಆದಾಗ ಆರೂವರೆ. ಓಡಿದೆ. ಸ್ಟ್ಯಾಂಡಿನಲ್ಲಿ ಒಂದು ಎಲೆ ಇಲ್ಲ, ಬರೀ ಕಡ್ಡಿ. ಅದರ ಮೇಲೆ ಹುಳುಗಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬೆಳೆ ಉಳಿಯಿತು ನಿಜ, ಆದರೆ ಆ ನೋಟ ಮರೆಯಲು ಆಗಿಲ್ಲ. 'ರೀ, ಆ ವಾಚ್ ನಂಬಬೇಡಿ' ಅಂತ ಮನೆಯವಳು ಎಷ್ಟೋ ದಿನ ಹೇಳಿದಳು. ನಾನೂ ಒಂದು ತಿಂಗಳು ಬಿಚ್ಚಿಟ್ಟಿದ್ದೆ.

ಮತ್ತೆ ಕಟ್ಟಿಕೊಂಡಿದ್ದು ಒಂದು ಸಣ್ಣ ವಿಷಯ ಗೊತ್ತಾದ ಮೇಲೆ. ಪಕ್ಕದ ಬಟನ್ ಅನ್ನು ಹತ್ತು ಹದಿನೈದು ಸೆಕೆಂಡ್ ಬಿಡದೆ ಒತ್ತಿ ಹಿಡಿದರೆ ಇದು ತಾನೇ ಆಫ್ ಆಗಿ ಆನ್ ಆಗುತ್ತದೆ. ಸ್ಕ್ರೀನ್ ಪೂರ್ತಿ ಸತ್ತಂತಿದ್ದರೆ ಚಾರ್ಜರ್‌ಗೆ ಹಾಕಿ ಒತ್ತಬೇಕು. ಇದು ರೀಸ್ಟಾರ್ಟ್. ಆ ಹೊತ್ತಿಗೆ ಓಡುತ್ತಿದ್ದ ಕೆಲಸ ನಿಂತು ಹೊಸದಾಗಿ ಶುರುವಾಗುತ್ತದೆ ಅಷ್ಟೇ. ಅಲಾರಂ, ಜೋಡಿಸಿದ ಫೋನ್ ಎಲ್ಲ ಹಾಗೇ ಇರುತ್ತದೆ. ಆಮೇಲೆ ಹ್ಯಾಂಗ್ ಆದಾಗಲೆಲ್ಲ ಇಷ್ಟರಲ್ಲೇ ಸರಿ ಹೋಗಿದೆ. ಕಸ್ಟಮರ್ ಕೇರ್‌ನವರು ಇದನ್ನೇ ಮೊದಲು ಹೇಳಬಹುದಿತ್ತು, ಅಲ್ವಾ?

ಒಮ್ಮೆ ಮಾತ್ರ ಬಟನ್ನೇ ಒಳಗೆ ಹೋಗಲಿಲ್ಲ. ಜ್ವರದ ಟೈಮಿನಲ್ಲಿ ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಒಣಗಿದ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ, ಬಿಟ್ಟುಕೊಂಡಿತು. ಚಾರ್ಜಿಂಗ್ ಪಿನ್ ಕೂಡ ಹಾಗೇ ಒರೆಸುತ್ತೇನೆ. ಈಗ ಗೂಡು ಮಾರಿ ಮಾರ್ಕೆಟ್‌ನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಒಂದು ಸಲ ರೀಸ್ಟಾರ್ಟ್ ಮಾಡುವುದು ರೂಢಿ. ಒಂದು ಬೆಳೆ ಮುಗಿಯಿತು, ಇನ್ನೊಂದಕ್ಕೆ ವಾಚ್ ರೆಡಿ.

ರಿಸೆಟ್ ಬೇಕಾಗುವುದು ವಾಚನ್ನು ಬೇರೆಯವರಿಗೆ ಕೊಡುವಾಗ. ಆಗಲೂ ಮೊದಲು ಆ್ಯಪ್‌ಗೆ ಸಿಂಕ್ ಮಾಡಿ, ಆ್ಯಪ್‌ನಿಂದ ವಾಚ್ ತೆಗೆದು, ಬ್ಲೂಟೂತ್‌ನಲ್ಲಿ ಫರ್ಗೆಟ್ ಕೊಟ್ಟು, ಕೊನೆಗೆ ರಿಸೆಟ್. ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಬಾಮೈದನ ಹತ್ತಿರ ಆಪಲ್ ವಾಚ್ ಇದೆ. ಅದರಲ್ಲಿ ಐಫೋನ್‌ನಿಂದಲೇ ಅನ್‌ಪೇರ್ ಮಾಡಬೇಕು, ಬ್ಯಾಕಪ್ ಕೂಡ ತಾನೇ ಆಗುತ್ತದೆ. ವಾಚ್‌ನಲ್ಲಿ ಬರೀ ರಿಸೆಟ್ ಮಾಡಿದರೆ ಆ್ಯಕ್ಟಿವೇಶನ್ ಲಾಕ್, ಅಂದರೆ ಹಳೇ ಮಾಲೀಕರ ಅಕೌಂಟ್‌ಗೆ ಕಟ್ಟಿದ ಬೀಗ, ಹಾಗೇ ಉಳಿದು, ತಗೊಂಡವರಿಗೆ ತೊಂದರೆ.

ನನ್ನ ವಾಚ್‌ನ ಬ್ಯಾಟರಿ ಮೊದಲು ಆರು ದಿನ ಬರುತ್ತಿತ್ತು, ಈಗ ಮೂರೂವರೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬೇಜಾರು ಒಂದೇ. ಮೆನುವಿನಲ್ಲಿ ರೀಸ್ಟಾರ್ಟ್ ಕೆಳಗೇ ರಿಸೆಟ್ ಇದೆ, ಒತ್ತಿದರೆ ಬರೀ ಒಂದು ಟಿಕ್ ಗುರುತು ಒತ್ತಲು ಹೇಳುತ್ತದೆ. ಅಲಾರಂ ಹೋಗುತ್ತದೆ ಅಂತ ಅಲ್ಲೊಂದು ಸಾಲು ಹಾಕಿದ್ದರೆ ಸಾಕಿತ್ತು. ಹಾಕಿಲ್ಲ. ಅದಕ್ಕೇ ನಾನು ಹುಳು ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ: ಬೆಳಿಗ್ಗೆ 4:30, ರಾತ್ರಿ 10. ಮಲಗುವ ಮುಂಚೆ ಅದನ್ನೊಮ್ಮೆ ನೋಡಿ, ವಾಚ್ ನೋಡಿ, ಆಮೇಲೆ ಲೈಟ್ ಆಫ್ ಮಾಡುತ್ತೇನೆ.